ಪರೀಕ್ಷೆಗೆ ಕೂತ ಮಂಡಿ

ಆ ಊರಿನ ವೈದ್ಯಕೀಯ ಕಾಲೇಜಿನಿಂದ ಡಾಕ್ಟರಾಗಿ ಹೊರಬಿದ್ದವರು ಯಾರೇ ಇರಲಿ, ಒಂದು ಸಲವಾದರೂ ಮಂಡಿಯಮ್ಮನ ಎಡಮಂಡಿಯನ್ನು ಮುಟ್ಟಿ ನೋಡಿಯೇ ಇರುತ್ತಾರೆ. ಅವರಲ್ಲಿ ಕೆಲವರು ಈಗ ದೊಡ್ಡ ಆಸ್ಪತ್ರೆಗಳ ದೊಡ್ಡ ಕುರ್ಚಿಗಳಲ್ಲಿದ್ದಾರೆ. ಕೆಲವರು ಕಣ್ಣಿನ ಡಾಕ್ಟರಾಗಿ, ಮನುಷ್ಯನಿಗೆ ಕುತ್ತಿಗೆಯಿಂದ ಕೆಳಗೂ ಏನೋ ಇದೆ ಎಂಬುದನ್ನೇ ಮರೆತಿದ್ದಾರೆ. ಆದರೆ ಕೊನೆಯ ವರ್ಷದ ಪರೀಕ್ಷೆಯ ದಿನ ಮೂಳೆ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ, ಹೊದಿಕೆಯನ್ನು ತೊಡೆಯವರೆಗೆ ಸರಿಸಿಕೊಂಡು, ದಿಂಬಿಗೆ ಒರಗಿ, ಬಂದವರನ್ನು ತಲೆಯಿಂದ ಕಾಲಿನವರೆಗೆ ಅಳೆಯುತ್ತಿದ್ದ ಆ ಹೆಂಗಸನ್ನು ಮಾತ್ರ ಯಾರೂ ಮರೆತಿಲ್ಲ.

ಡಾಕ್ಟರಾಗುವವರ ಪರೀಕ್ಷೆ ಬರೀ ಕಾಗದದ ಮೇಲೆ ಮುಗಿಯುವುದಿಲ್ಲ. ನಿಜವಾದ ರೋಗಿಯನ್ನು ಮುಂದಿಟ್ಟು, ಏನಾಗಿದೆ ನೋಡಿ ಹೇಳು ಎನ್ನುತ್ತಾರೆ. ಇದಕ್ಕೆ ಸಿಕ್ಕಸಿಕ್ಕ ರೋಗಿ ನಡೆಯುವುದಿಲ್ಲ. ಕಾಯಿಲೆ ಎದ್ದು ಕಾಣಬೇಕು, ಆದರೆ ಜೀವಕ್ಕೆ ಅಪಾಯವಿರಬಾರದು. ಪರೀಕ್ಷೆಯ ಹಿಂದಿನ ದಿನ ವಾಸಿಯಾಗಿ ಕೈಕೊಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಬೆಳಗಿನಿಂದ ಸಂಜೆಯ ತನಕ ಒಬ್ಬರಾದ ಮೇಲೊಬ್ಬರು ಬಂದು ತಿವಿದರೂ ರೇಗಬಾರದು. ಇಂಥ ಗುಣವಂತ ರೋಗಿ ಸಿಕ್ಕರೆ ಕಾಲೇಜಿನವರು ಬಿಡುತ್ತಾರೆಯೇ? ವರ್ಷ ವರ್ಷವೂ ಅವರಿಗೇ ಕರೆ ಹೋಗುತ್ತದೆ. ಅಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ಪದ್ಧತಿಯಿಲ್ಲ. ಹೊಟ್ಟೆಯೊಳಗೆ ಗುಲ್ಮ ಊದಿಕೊಂಡವನು ಗುಲ್ಮದ ತಾತ, ಗಂಟಲಲ್ಲಿ ಗಡ್ಡೆಯಿದ್ದವಳು ಗಡ್ಡೆಯಕ್ಕ. ಯಾವ ಅಂಗ ಕೆಟ್ಟಿದೆಯೋ ಅದೇ ಬಿರುದು. ಇವರೆಲ್ಲರ ನಡುವೆ ಮಂಡಿಯಮ್ಮ ನಡೆದದ್ದೇ ದಾರಿ. ನಡೆದದ್ದು ಎನ್ನುವುದು ಮಾತಿಗೆ, ಗಾಲಿಕುರ್ಚಿಯಲ್ಲಿ ಕರೆತರುತ್ತಿದ್ದರು.

ಹುಟ್ಟಿದಾಗಿನಿಂದಲೇ ಅವಳೇನೂ ಮಂಡಿಯಮ್ಮ ಆಗಿರಲಿಲ್ಲ. ಅದಕ್ಕೆ ಮೊದಲು, ಅರ್ಧ ಆಯುಷ್ಯದಷ್ಟು ಕಾಲ, ನಾಟಕ ಮಂದಿರದಲ್ಲಿ ನಟರಿಗೆ ಮಾತು ಎತ್ತಿಕೊಡುವ ಕೆಲಸ ಮಾಡುತ್ತಿದ್ದಳು. ರಂಗದ ಮುಂಭಾಗದಲ್ಲಿ ಹಲಗೆ ಕೊರೆದು ಮಾಡಿದ ಒಂದು ಗೂಡು. ಅದರೊಳಗೆ ಎಡಗಾಲು ಮಡಚಿ ಅದರ ಮೇಲೆ ಕೂತು, ಬಲಮಂಡಿಯನ್ನು ಎತ್ತಿ ನಿಲ್ಲಿಸಿ ಅದರ ಮೇಲೆ ನಾಟಕದ ಪ್ರತಿ ಇಟ್ಟುಕೊಳ್ಳಬೇಕು. ಮೇಲೆ ರಾಜನೋ ಮಂತ್ರಿಯೋ ಮಾತು ಮರೆತು ಮೀಸೆ ತಿರುವುತ್ತ ನಿಂತರೆ, ತುಟಿ ಅಲ್ಲಾಡಿಸದೆ, ಮುಂದಿನ ಸಾಲಿನ ಪ್ರೇಕ್ಷಕನಿಗೂ ಕೇಳಿಸದ ಹಾಗೆ, ಮರೆತವನ ಕಿವಿಗೆ ಮಾತ್ರ ಮಾತು ತಲುಪಿಸಬೇಕು. ಅದರಲ್ಲಿ ಅವಳದು ಎತ್ತಿದ ಕೈ. ಅವಳ ದೆಸೆಯಿಂದ ಎಷ್ಟೋ ದಡ್ಡರು ಮಹಾನಟರೆನಿಸಿಕೊಂಡರು. ನಾಟಕ ಮುಗಿದು ಚಪ್ಪಾಳೆ ಬೀಳುವಾಗ ಅವಳು ಗೂಡಿನಲ್ಲಿ ಕೂತು ಮರಗಟ್ಟಿದ ಎಡಗಾಲನ್ನು ಎರಡೂ ಕೈಯಲ್ಲಿ ಎಳೆದು ನೀಳ ಮಾಡುತ್ತಿದ್ದಳು. ಯಾರಿಗೂ ಕೇಳಿಸದಿದ್ದರೇ ಒಳ್ಳೆಯ ಕೆಲಸ ಎನ್ನುವ ಉದ್ಯೋಗವದು. ಚಪ್ಪಾಳೆ ಎಲ್ಲಿಂದ ಬಂದೀತು?

ಈ ಉದ್ಯೋಗದಿಂದ ಅವಳಿಗೆ ಎರಡು ರೋಗ ಅಂಟಿಕೊಂಡವು. ಒಂದು ಎಡಮಂಡಿಯ ಸವೆತ. ಇನ್ನೊಂದು, ಯಾರಾದರೂ ಮಾತಿನ ನಡುವೆ ತಡವರಿಸಿ ನಿಂತರೆ ತಡೆದುಕೊಳ್ಳಲಾಗದ ರೋಗ. ತರಕಾರಿಯವನು “ಇವತ್ತು ಟೊಮೆಟೊ...” ಎಂದು ಚಿಲ್ಲರೆ ಹುಡುಕಿದರೆ ಸಾಕು, “ತುಟ್ಟಿ” ಎಂದು ಇವಳೇ ಮುಗಿಸುತ್ತಿದ್ದಳು. ಪಕ್ಕದ ಮನೆಯ ಹುಡುಗ “ಆಂಟಿ, ನಿಮ್ಮ ಕಿಟಕಿ ಗಾಜು...” ಎಂದು ನಿಂತಾಗ “ನಾನೇ ಒಡೆದಿದ್ದು” ಎಂದು ಎತ್ತಿಕೊಟ್ಟಳು. ಅವನು ಹೂಂ ಎಂದು ಓಡಿಹೋದ.

ಎಡಮಂಡಿಗೆ ಮಾತ್ರೆ ಬರೆಸಿಕೊಂಡು ಬರೋಣವೆಂದು ಆಸ್ಪತ್ರೆಗೆ ಹೋದ ದಿನ ಅವಳ ಅದೃಷ್ಟ ಖುಲಾಯಿಸಿತು. ಮೂಳೆ ವಿಭಾಗದ ಪ್ರೊಫೆಸರು ಮಂಡಿಯನ್ನು ಮಡಚಿ ನೋಡಿದರು, ನೀಳ ಮಾಡಿ ನೋಡಿದರು. ಅಂಗೈ ಇಟ್ಟು ಒಳಗಿನ ಕರಕರ ಸದ್ದು ಕೇಳಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು ಪಕ್ಕದ ಕೋಣೆಯಲ್ಲಿದ್ದ ವಿದ್ಯಾರ್ಥಿಗಳನ್ನೆಲ್ಲ ಕರೆದರು. “ನೋಡ್ರಪ್ಪಾ, ಇಂಥ ಮಂಡಿ ಪುಸ್ತಕದಲ್ಲೂ ಸಿಗಲ್ಲ,” ಎಂದರು. ಮಂಡಿಯಮ್ಮನ ಬಗ್ಗೆ ಅಷ್ಟು ಜನರ ಎದುರಿಗೆ ಯಾರಾದರೂ ಒಳ್ಳೆಯ ಮಾತಾಡಿದ್ದು ಅದೇ ಮೊದಲು. ನೋವಿಗೆ ಮಾತ್ರೆ ಬರೆಸಿಕೊಳ್ಳುವುದನ್ನೇ ಮರೆತು ಮನೆಗೆ ಬಂದಳು.

ಅಲ್ಲಿಂದ ಮುಂದೆ ಪರೀಕ್ಷೆಯ ದಿನವೆಂದರೆ ಅವಳ ದಿನ. ಹೊಸ ಬಟ್ಟೆ, ಎಣ್ಣೆ ಹಚ್ಚಿ ಬಿಗಿದ ಜಡೆ. ಬರುಬರುತ್ತ ವಿದ್ಯಾರ್ಥಿಗಳು ಏನೇನು ಮಾಡಬೇಕೆಂಬ ಪಾಠವೆಲ್ಲ ಅವಳಿಗೆ ಬಾಯಿಪಾಠವಾಯಿತು. ಅರ್ಥ ಅಷ್ಟಕ್ಕಷ್ಟೇ, ಅವಳು ನಾಟಕದ ಮಾತನ್ನೂ ಅರ್ಥ ನೋಡಿ ಎತ್ತಿಕೊಟ್ಟವಳಲ್ಲ. ಮೊದಲು ರೋಗಿ ನಡೆಯುವುದನ್ನು ನೋಡಬೇಕು. ನಿಲ್ಲಿಸಿ, ಕಾಲು ಹೊರಕ್ಕೆ ಬಾಗಿದೆಯೇ ಒಳಕ್ಕೆ ಬಾಗಿದೆಯೇ ಎಂದು ನೋಡಬೇಕು. ಆಮೇಲೆ ಮಲಗಿಸಿ ಊತ, ಬಿಸಿ, ಎಲ್ಲಿ ಒತ್ತಿದರೆ ನೋವು, ಎಷ್ಟು ಮಡಚುತ್ತದೆ, ಎಷ್ಟು ನೀಳವಾಗುತ್ತದೆ. ಕೊನೆಗೆ ಮೇಲಿನ ಸೊಂಟದ ಕೀಲನ್ನೂ ಮರೆಯದೆ ನೋಡಬೇಕು, ಯಾಕೆಂದರೆ ಸೊಂಟ ಕೆಟ್ಟರೂ ನೋವು ಮಂಡಿಯಲ್ಲಿ ಕಾಣಿಸಿಕೊಂಡು ಡಾಕ್ಟರನ್ನು ಬೇಸ್ತು ಬೀಳಿಸುತ್ತದೆ. ಹತ್ತರಲ್ಲಿ ಒಂಬತ್ತು ಮಕ್ಕಳು ಮರೆಯುತ್ತಿದ್ದದ್ದು ಇದನ್ನೇ. ಪರೀಕ್ಷಕರು “ಇನ್ನೇನು ಬಾಕಿ?” ಎಂದು ಕೇಳಿ ಆ ಕಡೆ ತಿರುಗಿದ ಗಳಿಗೆಯಲ್ಲಿ, ಬೆವರುತ್ತ ನಿಂತ ಹುಡುಗನಿಗೋ ಹುಡುಗಿಗೋ ಮಂಚದ ಮೇಲಿಂದ “ಸೊಂಟ” ಎಂಬ ಮಾತು ತೇಲಿ ಬರುತ್ತಿತ್ತು. ತಿರುಗಿ ನೋಡಿದರೆ ಮಂಡಿಯಮ್ಮ ಚಾವಣಿ ನೋಡುತ್ತ ಮಲಗಿರುತ್ತಿದ್ದಳು. ಹಾಗೆ ಪಾಸಾದವರ ಲೆಕ್ಕ ಇಡಲು ಹೋದರೆ ನಾವು ಯಾವ ಆಸ್ಪತ್ರೆಗೂ ಧೈರ್ಯವಾಗಿ ಹೋಗಲಾರೆವು. ಅದನ್ನು ಬಿಟ್ಟುಬಿಡುವುದು ಒಳ್ಳೆಯದು.

ಇಷ್ಟೆಲ್ಲ ವೈಭವವಿದ್ದರೂ ಮಂಡಿ ಮಾತ್ರ ತನ್ನ ಪಾಡಿಗೆ ತಾನು ಸವೆಯುತ್ತಲೇ ಇತ್ತು. ಪರೀಕ್ಷೆ ವರ್ಷಕ್ಕೊಂದು ದಿನ; ಉಳಿದ ದಿನಗಳಲ್ಲಿ ಅದೇ ಮಂಡಿಯನ್ನು ಕಟ್ಟಿಕೊಂಡು ಎರಡನೆಯ ಮಹಡಿಯಲ್ಲಿ ಬದುಕಬೇಕಾಗಿತ್ತು. ಮನೆಯಲ್ಲಿ ಇದ್ದದ್ದು ಅವಳು ಮತ್ತು ಅವಳ ತಂಗಿ. ತಂಗಿ ಟೆಲಿಫೋನ್ ಕಚೇರಿಯಲ್ಲಿ ಆಪರೇಟರಾಗಿ ನಿವೃತ್ತಳಾದವಳು. ಅಕ್ಕ ಜೀವಮಾನವೆಲ್ಲ ಪಿಸುಗುಟ್ಟಿದಳು, ತಂಗಿ ಜೀವಮಾನವೆಲ್ಲ ಕಿರುಚಿದಳು. ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಸೇರಿದ ಮೇಲೆ ಬೀದಿಯವರಿಗೆ ಜಗಳದ ಒಂದು ಕಡೆ ಮಾತ್ರ ಕೇಳಿಸುತ್ತಿತ್ತು.

ಒಂದು ದಿನ ತಂಗಿ ಅಂಗಡಿಯಿಂದ ಬರುತ್ತಾಳೆ, ಮೆಟ್ಟಿಲಿನ ನಡುವೆ ಅಕ್ಕ ಕೂತಿದ್ದಾಳೆ. ಕೈಯಲ್ಲಿ ಪೊರಕೆ.

“ಏನೇ ಮಾಡ್ತಿದೀಯ?” ಎಂದಳು ತಂಗಿ.

“ಮೆಟ್ಟಿಲು ಗುಡಿಸ್ತಿದೀನಿ.”

“ಕೂತ್ಕೊಂಡಾ?”

“ಮೂಲೆ ಮೂಲೆ ಕಸ ಕೂತ್ರೇನೇ ಕಾಣೋದು.”

ಕೆಳಮಹಡಿಯ ಹೆಂಗಸು ಬಾಗಿಲು ತೆರೆದು ಗುಟ್ಟನ್ನು ರಟ್ಟು ಮಾಡಿದಳು. ಮಂಡಿಯಮ್ಮ ಎಷ್ಟೋ ತಿಂಗಳಿಂದ, ಯಾರೂ ಇಲ್ಲದ ಸಮಯ ನೋಡಿ, ಒಂದೊಂದೇ ಮೆಟ್ಟಿಲು ಕುಂಡೆಯ ಮೇಲೆ ಜಾರಿಕೊಂಡು ಇಳಿಯುತ್ತಿದ್ದಳು. ಯಾರಾದರೂ ಬಂದರೆ ಇರಲಿ ಎಂದು ಪೊರಕೆ. ಆ ಕಟ್ಟಡದ ಮೆಟ್ಟಿಲು ಅಷ್ಟು ಚೊಕ್ಕಟವಾಗಿ ಇದ್ದದ್ದು ಯಾಕೆಂದು ಎಲ್ಲರಿಗೂ ಅವತ್ತು ತಿಳಿಯಿತು.

ತಂಗಿ ನಗಲಿಲ್ಲ. ಪೊರಕೆಯನ್ನು ಕಿತ್ತುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಅಕ್ಕನ ಪಕ್ಕ ಕೂತಳು. “ರಾತ್ರಿ ನೀನು ನರಳೋದು ಗೋಡೆ ಆಚೆಯಿಂದ ಕೇಳತ್ತೆ ಕಣೇ. ನಾಳೆ ಆಸ್ಪತ್ರೆಗೆ ಹೋಗ್ತಿದೀವಿ. ಮಂಡಿ ಬದಲಾಯಿಸ್ಕೊಂಡು ಬರೋದು,” ಎಂದಳು. ಆಪರೇಟರಮ್ಮ ಅಷ್ಟು ಮೆಲ್ಲಗೆ ಮಾತಾಡಿದರೆ ಅದಕ್ಕೆ ಎದುರು ಮಾತಿರಲಿಲ್ಲ.

ಮಂಡಿಯಮ್ಮನಿಗೆ ಭಯವಾಯಿತು. ಆಪರೇಷನ್ನಿಗೆ ಹೆದರಿ ಅಲ್ಲ. ಅವಳಿಗೆ ಹರ್ನಿಯಾ ಮೇಷ್ಟ್ರು ನೆನಪಾಗಿದ್ದರು. ಚಿತ್ರಕಲೆ ಕಲಿಸುತ್ತಿದ್ದ ಈ ಮೇಷ್ಟ್ರ ಹರ್ನಿಯಾ ಒಂದು ಕಾಲದಲ್ಲಿ ಸರ್ಜರಿ ವಾರ್ಡಿನ ಕಿರೀಟವಾಗಿತ್ತು. ಕೆಮ್ಮಿ ಎಂದರೆ ಕೆಮ್ಮುತ್ತಿದ್ದರು, ಹರ್ನಿಯಾ ಹೊರಗೆ ಬರುತ್ತಿತ್ತು. ಸಾಕು ಎಂದರೆ ನಿಲ್ಲಿಸುತ್ತಿದ್ದರು, ಅದು ಒಳಗೆ ಹೋಗುತ್ತಿತ್ತು. ಹೆಂಡತಿಯ ಮಾತು ಕೇಳಿ ಆಪರೇಷನ್ ಮಾಡಿಸಿಕೊಂಡರು. ಮುಗಿಯಿತು. ಮಾರನೆಯ ವರ್ಷದಿಂದ ಕರೆ ಬರಲಿಲ್ಲ. ಈಗಲೂ ಪರೀಕ್ಷೆಯ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂರುತ್ತಾರೆ. ಯಾರಾದರೂ ಕೇಳಿದರೆ ರಕ್ತ ಪರೀಕ್ಷೆಗೆ ಬಂದೆ ಎನ್ನುತ್ತಾರೆ. ಯಾರೂ ಕೇಳುವುದಿಲ್ಲ. ಆ ಬೆಂಚಿನಲ್ಲಿ ಇನ್ನೊಬ್ಬರಿಗೆ ಜಾಗವಿತ್ತು, ಮತ್ತು ಅದು ಯಾರ ಜಾಗವೆಂದು ಮಂಡಿಯಮ್ಮನಿಗೆ ಸ್ಪಷ್ಟವಾಗಿ ಕಾಣಿಸುತ್ತಿತ್ತು. ವರ್ಷಕ್ಕೊಂದು ದಿನ ಎಲ್ಲರೂ ತನ್ನನ್ನೇ ನೋಡುವುದು, ಅದೂ ಹೋದರೆ ಮತ್ತೆ ಗೂಡೇ ಗತಿ. ಅದನ್ನು ನೆನೆದು ಅವಳಿಗೆ ನಿಜವಾಗಿಯೂ ಅಳು ಬಂತು.

ಆ ರಾತ್ರಿ ಯೋಚಿಸಿ ಯೋಚಿಸಿ ಒಂದು ಉಪಾಯ ಹೂಡಿದಳು. ಕೊಡಲೇಬೇಕಾದರೆ ಬಲಮಂಡಿ ಕೊಟ್ಟರಾಯಿತು. ಅದೂ ಅಷ್ಟಿಷ್ಟು ಸವೆದಿತ್ತು, ಆದರೆ ಅದಕ್ಕೆ ಹೆಸರಿರಲಿಲ್ಲ, ಕೀರ್ತಿಯಿರಲಿಲ್ಲ. ಹೋದರೆ ಹೋಗಲಿ. ತಂಗಿಯ ಬಾಯಿಗೂ ಬೀಗ ಬೀಳುತ್ತದೆ, ಎಡಮಂಡಿಯೂ ಉಳಿಯುತ್ತದೆ. ಕೆಟ್ಟ ಮಂಡಿ ಹೇಗೆ ನಡೆದುಕೊಳ್ಳಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆಳಿಗ್ಗೆ ಏಳುತ್ತಲೇ ಬಲಗಾಲು ಕುಂಟುವ ತಾಲೀಮು ಶುರುಮಾಡಿದಳು. ಎಡಗಾಲು ತನ್ನಷ್ಟಕ್ಕೆ ಕುಂಟುತ್ತಿತ್ತು. ಎರಡೂ ಕಡೆ ಕುಂಟಿದ್ದರಿಂದ ನಡಿಗೆ ಹೆಚ್ಚುಕಡಿಮೆ ನೆಟ್ಟಗೆ ಕಂಡಿತು.

“ಏನಾಯ್ತೇ, ವಾಸಿಯಾಗೋಯ್ತಾ?” ಎಂದಳು ತಂಗಿ.

ಆಸ್ಪತ್ರೆಯ ಕೋಣೆಯಲ್ಲಿ ಇದ್ದದ್ದು ಒಂದು ಎತ್ತರದ ಮಂಚ, ಹತ್ತಲು ಪುಟ್ಟ ಮೆಟ್ಟಿಲು, ಗೋಡೆಯ ಮೇಲೆ ಎಕ್ಸ್‌ರೇ ನೋಡುವ ಬಿಳಿ ದೀಪದ ಪೆಟ್ಟಿಗೆ. ಮಂಡಿ ಬದಲಾಯಿಸುವ ಸರ್ಜನ್ ಒಬ್ಬ ಹೆಂಗಸು, ಸಣ್ಣ ಆಳು, ಗಂಟು ಮುಖ. ಪ್ರೊಫೆಸರು ನಿವೃತ್ತರಾದ ಮೇಲೆ ಆ ವಿಭಾಗಕ್ಕೆ ಅದೇ ವರ್ಷ ಬಂದವರು. ಪಕ್ಕದಲ್ಲಿ ಒಬ್ಬ ಕಿರಿಯ ಡಾಕ್ಟರು, ಕೊರಳಲ್ಲಿ ಸ್ಟೆತಸ್ಕೋಪು. ಮಂಡಿಗೆ ಅದರಿಂದ ಏನು ಪ್ರಯೋಜನವೋ ಅವನೇ ಬಲ್ಲ. ಎಕ್ಸ್‌ರೇ ನೋಡಿದ ಡಾಕ್ಟರಮ್ಮ, “ಎರಡೂ ಸವೆದಿದೆ. ಎಡಗಡೆ ಮೂಳೆಗೆ ಮೂಳೆ ತಾಗ್ತಿದೆ,” ಎಂದರು.

“ಆದ್ರೆ ನೋವಿರೋದು ಬಲಗಾಲಲ್ಲಿ ಡಾಕ್ಟ್ರೇ,” ಎಂದಳು ಮಂಡಿಯಮ್ಮ, ಯಾರಾದರೂ ಕೇಳುವ ಮೊದಲೇ.

ತಂಗಿ ಬಾಯಿ ತೆರೆದಳು. ಡಾಕ್ಟರಮ್ಮ ಕೈಯೆತ್ತಿ ಸುಮ್ಮನಿರಿಸಿದರು. “ಚಿತ್ರಕ್ಕೆ ಆಪರೇಷನ್ ಮಾಡಲ್ಲ ನಾವು, ನೋವಿಗೆ ಮಾಡ್ತೀವಿ. ಯಾವ ಕಾಲು ಅಂತ ಅವರೇ ಹೇಳ್ಬೇಕು. ನೀವು ನೋಡಿ,” ಎಂದು ಕಿರಿಯವನಿಗೆ ಮಂಚ ತೋರಿಸಿದರು.

ಮಂಡಿಯಮ್ಮ ಅವತ್ತು ಆಡಿದ ನಾಟಕವನ್ನು ಯಾವ ಮಹಾನಟರೂ ಆಡಿರಲಾರರು. ಬಲಮಂಡಿಯನ್ನು ಮುಟ್ಟುವ ಮೊದಲೇ ಮುಖ ಕಿವುಚಿದಳು. ಮಡಚುವಾಗ “ಅಮ್ಮಾ” ಎಂದಳು, ನೀಳ ಮಾಡುವಾಗ “ಅಯ್ಯೋ” ಎಂದಳು, ಸುಮ್ಮನೆ ಇಟ್ಟಾಗಲೂ ರೂಢಿಯ ಬಲದಿಂದ ಒಂದು ಸಣ್ಣ ನಿಟ್ಟುಸಿರು ಬಿಟ್ಟಳು. ಎಡಮಂಡಿಯ ಸರದಿ ಬಂದಾಗ ಹಲ್ಲು ಕಚ್ಚಿಕೊಂಡು ನಗುಮುಖ ಮಾಡಿದಳು. ಕಿರಿಯ ಡಾಕ್ಟರು ಒಳಬದಿಯಲ್ಲಿ ಹೆಬ್ಬೆರಳು ಒತ್ತಿದಾಗ ಕಣ್ಣಲ್ಲಿ ನೀರು ಬಂತು. “ಕಚಗುಳಿ,” ಎಂದಳು.

“ಸರಿ, ಕಂಡದ್ದನ್ನ ಹೇಳಿ,” ಎಂದರು ಡಾಕ್ಟರಮ್ಮ.

ಕಿರಿಯವನು ಬಲಮಂಡಿಯ ಕಥೆಯನ್ನು ಸಲೀಸಾಗಿ ಹೇಳಿ ಮುಗಿಸಿದ. ಆಮೇಲೆ, “ಎಡಮಂಡಿ ಹೊರಕ್ಕೆ ಬಾಗಿದೆ. ಊತ ಇದೆ. ಮತ್ತೆ, ಮುಟ್ಟಿದ್ರೆ...” ಎಂದವನು ಅಲ್ಲಿಗೇ ನಿಂತ. ರೋಗಿ ಕಚಗುಳಿ ಎಂದದ್ದನ್ನು ಯಾವ ಹೆಸರಿನಲ್ಲಿ ಹೇಳಬೇಕೋ ಅವನಿಗೆ ತೋಚಲಿಲ್ಲ.

ಡಾಕ್ಟರಮ್ಮ ಸಹಾಯಕ್ಕೆ ಬರಲಿಲ್ಲ. ಕೈಕಟ್ಟಿ ನಿಂತರು. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಹುಡುಗನ ಕಿವಿ ಕೆಂಪಾಯಿತು. ಮಂಡಿಯಮ್ಮ ಚಾವಣಿ ನೋಡಿದಳು. ಕಿಟಕಿ ನೋಡಿದಳು. ತುಟಿ ಕಚ್ಚಿಕೊಂಡಳು. ಮಾತು ಮರೆತು ನಿಂತವನು ಎದುರಿಗಿದ್ದಾನೆ, ಮುಂದಿನ ಸಾಲು ತನ್ನ ನಾಲಿಗೆಯ ಮೇಲೆ ಕೂತಿದೆ. ಮೈಮೇಲೆ ಇರುವೆ ಹರಿದಂತಾಯಿತು. ನೋವನ್ನಾದರೂ ತಡೆದುಕೊಂಡಾಳು, ಇದನ್ನು ಹೇಗೆ ತಡೆದುಕೊಳ್ಳುತ್ತಾಳೆ?

“ಒಳಬದಿ ಕೀಲಿನ ಗೆರೆ ಮೇಲೆ ನೋವು,” ಎಂದಿತು ಮಂಚ.

“ಒಳಬದಿ ಕೀಲಿನ ಗೆರೆ ಮೇಲೆ ನೋವು,” ಎಂದ ಹುಡುಗ. “ಮತ್ತೆ...”

“ಪೂರ್ತಿ ನೀಳ ಆಗಲ್ಲ.”

“ಪೂರ್ತಿ ನೀಳ ಆಗಲ್ಲ. ಮತ್ತೆ...”

“ಮಡಚಿದ್ರೆ ಕರಕರ. ಮೆಟ್ಟಿಲು ಇಳಿಯಕ್ಕಾಗಲ್ಲ. ರಾತ್ರಿ ನೋವಿಗೆ ಎಚ್ಚರ ಆದ್ರೆ ಬೆಳಗಿನ ತನಕ ನಿದ್ದೆ ಬರಲ್ಲ.”

ಕೊನೆಯ ಮಾತು ಯಾವ ಪಾಠದಲ್ಲೂ ಇರಲಿಲ್ಲ. ಅದು ತನ್ನ ಬಾಯಿಂದ ಬಂದದ್ದು ಕೇಳಿ ಮಂಡಿಯಮ್ಮನೇ ಬೆಚ್ಚಿದಳು. ಹುಡುಗ ಅದನ್ನೂ ಒಪ್ಪಿಸಿ, ಅರ್ಧಕ್ಕೆ ನಿಂತು, ಈ ಮಾತು ಎಲ್ಲಿಂದ ಬರುತ್ತಿದೆಯೆಂದು ಸುತ್ತ ನೋಡಿದ.

ಡಾಕ್ಟರಮ್ಮನ ಮುಖದಲ್ಲಿ ಏನೂ ಬದಲಾಗಲಿಲ್ಲ. “ಇನ್ನೇನು ಬಾಕಿ?” ಎಂದು ಕೇಳಿ, ಬೇಕೆಂದೇ ಗೋಡೆಯ ಕಡೆ ತಿರುಗಿದರು.

ಹುಡುಗನಿಗೆ ಗೊತ್ತಿರಲಿಲ್ಲ. ಮತ್ತೆ ಫ್ಯಾನು.

“ಸೊಂಟ,” ಎಂದಿತು ಮಂಚ.

“ಈ ಮಾತನ್ನ ನಾನು ಮೊದಲೂ ಕೇಳಿದೀನಿ,” ಎಂದರು ಡಾಕ್ಟರಮ್ಮ, ಗೋಡೆಗೆ. ಆಮೇಲೆ ಬಂದು ಎಡಮಂಡಿಯ ಮೇಲೆ ಕೈಯಿಟ್ಟರು. ಕೈ ತಣ್ಣಗೆ ಕೊರೆಯುತ್ತಿತ್ತು. ಮಂಡಿಯಮ್ಮನಿಗೆ ಪರೀಕ್ಷೆಗೆ ಬಂದ ಮಕ್ಕಳ ಮುಖಗಳು ನೆನಪಿರುತ್ತಿರಲಿಲ್ಲ, ಕೈಗಳು ನೆನಪಿರುತ್ತಿದ್ದವು. ಎಷ್ಟೋ ವರ್ಷಗಳ ಹಿಂದೆ ಇಂಥದೇ ಮಂಜುಗಡ್ಡೆಯಂಥ ಕೈಯ ಒಬ್ಬ ಸಣ್ಣ ಹುಡುಗಿ ಸೊಂಟ ಮರೆತು ಅಳುವುದೊಂದು ಬಾಕಿಯಾಗಿ ನಿಂತಿದ್ದಳು.

“ಸುಳ್ಳು ಯಾಕೆ ಹೇಳಿದ್ರಿ?” ಎಂದು ಡಾಕ್ಟರಮ್ಮ ಕೇಳಿದರು.

ತಪ್ಪಿಸಿಕೊಳ್ಳುವ ದಾರಿ ಉಳಿದಿರಲಿಲ್ಲ. “ಈ ಮಂಡಿ ಹೋದ್ರೆ ನನ್ನನ್ನ ಯಾರು ಕರೀತಾರಮ್ಮ? ಹರ್ನಿಯಾ ಮೇಷ್ಟ್ರನ್ನ ನೋಡಿದೀರಲ್ಲ. ಇದಿದ್ರೆ ನಾನು ಮಂಡಿಯಮ್ಮ. ಇಲ್ದಿದ್ರೆ ಬರೀ ಅಮ್ಮನೂ ಅಲ್ಲ,” ಎಂದಳು. ಮದುವೆ ಮಕ್ಕಳು ಇಲ್ಲದ ಅವಳ ಬಾಯಲ್ಲಿ ಆ ಮಾತು ಕೇಳಿ ತಂಗಿ ಎಕ್ಸ್‌ರೇ ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿದಳು.

ಡಾಕ್ಟರಮ್ಮನಿಗೆ ಸಮಾಧಾನದ ಮಾತು ಹೇಳಲು ಬರುತ್ತಿರಲಿಲ್ಲ. “ಅವತ್ತು ಸೊಂಟ ಅಂದಿದ್ದು ನೀವು. ಮಂಡಿ ಏನೂ ಅನ್ಲಿಲ್ಲ,” ಎಂದು ಹೇಳಿ, ಪೆನ್ನು ತೆಗೆದು ಎಡಮಂಡಿಯ ಆಪರೇಷನ್ ಎಂದು ಬರೆದರು.

ಈ ಮಾತಿನಿಂದ ಮಂಡಿಯಮ್ಮನಿಗೆ ಅಷ್ಟೇನೂ ನೆಮ್ಮದಿಯಾಗಲಿಲ್ಲ. ಆಪರೇಷನ್ ದಿನ ಡಾಕ್ಟರಮ್ಮ ಎಡಗಾಲಿನ ಮೇಲೆ ಬಾಣದ ಗುರುತು ಹಾಕಲು ಬಂದಾಗ, “ತೆಗೆದ ಮಂಡೀನ ಗಾಜಿನ ಜಾಡಿಯಲ್ಲಿ ಹಾಕಿ ಕಾಲೇಜಲ್ಲಿ ಇಡ್ತೀರಾ?” ಎಂದು ಕೇಳಿದಳು. ಮಂಡಿಯನ್ನು ಇಡಿಯಾಗಿ ಕೀಳುವುದಿಲ್ಲ, ಸವೆದ ಮೇಲ್ಭಾಗವನ್ನು ತೆಳ್ಳಗೆ ಕೊಯ್ದು, ಮೇಲೊಂದು ಕೆಳಗೊಂದು ಲೋಹದ ತೊಡಿಗೆ ಕೂರಿಸಿ, ನಡುವೆ ಪ್ಲಾಸ್ಟಿಕ್ಕಿನ ಬಿಲ್ಲೆ ಇಡುತ್ತೇವೆ ಎಂದು ಡಾಕ್ಟರಮ್ಮ ವಿವರಿಸಿದರು. ಬರೀ ಹೋಳುಗಳು. ಜಾಡಿಗೆ ಹಾಕುವಂಥದ್ದು ಏನೂ ಇರುವುದಿಲ್ಲ. ಮಂಡಿಯಮ್ಮನಿಗೆ ಬಹಳ ಬೇಸರವಾಯಿತು.

ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸಿದರು, ನಿದ್ದೆ ಮಾಡಿಸಲಿಲ್ಲ. ಎದೆಯ ಮೇಲೆ ಅಡ್ಡಲಾಗಿ ಒಂದು ಹಸಿರು ಪರದೆ ಕಟ್ಟಿದರು. ಆಟವೆಲ್ಲ ಪರದೆಯ ಆ ಕಡೆ, ಇವಳು ಈ ಕಡೆ. ಹಳೆಯ ಗೂಡಿಗೆ ವಾಪಸು ಬಂದ ಹಾಗಾಯಿತು. ಆ ಕಡೆಯಿಂದ ಗರಗಸದ ಸದ್ದು ಬಂತು, ಸುತ್ತಿಗೆಯ ಸದ್ದು ಬಂತು. ಯಾರೋ ಬೀರು ರಿಪೇರಿ ಮಾಡುತ್ತಿದ್ದಾರೆ, ತನಗೂ ಅದಕ್ಕೂ ಸಂಬಂಧವಿಲ್ಲ ಎಂದುಕೊಂಡು ಮಲಗಿದ್ದಳು. ಅಷ್ಟರಲ್ಲಿ ಡಾಕ್ಟರಮ್ಮ, “ಕೆಳಗಿನದಕ್ಕೆ ಸೈಜು...” ಎಂದು ನಿಲ್ಲಿಸಿದರು.

“ಮೂರು,” ಎಂದಳು ಮಂಡಿಯಮ್ಮ. ಸ್ವಲ್ಪ ಹೊತ್ತಿನ ಹಿಂದೆ ಯಾರೋ ಮೂರು ಎಂದದ್ದು ಅವಳ ಕಿವಿಗೆ ಬಿದ್ದಿತ್ತು.

“ನಾಲ್ಕು,” ಎಂದರು ಡಾಕ್ಟರಮ್ಮ. “ಇವರಿಗೆ ನಿದ್ದೆ ಬರೋ ಹಾಗೆ ಏನಾದ್ರೂ ಕೊಡಿ.”

ಆಮೇಲಿನ ದಿನಗಳು ತಮಾಷೆಯವಲ್ಲ. ಮಾರನೆಯ ದಿನವೇ ಎಬ್ಬಿಸಿ ನಿಲ್ಲಿಸಿದರು. ವ್ಯಾಯಾಮ ಮಾಡಿಸುವವಳು ದಿನವೂ ಬಂದು ಮಂಡಿಯನ್ನು ಮಡಚುತ್ತಿದ್ದಳು, ಮಂಡಿಯಮ್ಮ ಅವಳ ಏಳು ತಲೆಮಾರನ್ನು ಪಿಸುಮಾತಿನಲ್ಲಿ ಬೈಯುತ್ತಿದ್ದಳು. ತಂಗಿ ಪಕ್ಕದಲ್ಲಿ ನಿಂತು ಆ ಬೈಗುಳವನ್ನು ಗಟ್ಟಿಯಾಗಿ ಅನುವಾದಿಸುತ್ತಿದ್ದಳು. ಹೀಗೆ ಮೂವರೂ ಸೇರಿ ಅಂತೂ ಕಾಲನ್ನು ಸರಿದಾರಿಗೆ ತಂದರು. ನಿದ್ದೆ ಮೊದಲು ಬಂತು, ಮೆಟ್ಟಿಲು ಆಮೇಲೆ ಬಂತು. ಕಟ್ಟಡದ ಮೆಟ್ಟಿಲ ಮೇಲೆ ಕಸ ಸೇರಲು ಶುರುವಾಯಿತು.

ಪರೀಕ್ಷೆಯ ಕಾಲ ಬಂತು. ಕರೆ ಬರಲಿಲ್ಲ. ಮಂಡಿಯಮ್ಮ ಫೋನಿನ ಪಕ್ಕದಲ್ಲೇ ಬಟಾಣಿ ಬಿಡಿಸಿದಳು, ಫೋನಿನ ಪಕ್ಕದಲ್ಲೇ ತೂಕಡಿಸಿದಳು. ತಂಗಿ, ತನ್ನ ವೃತ್ತಿಯ ಅನುಭವದಿಂದ, ಲೈನ್ ಸರಿಯಾಗಿದೆ ಎಂದು ಎರಡು ಸಲ ನೋಡಿ ಹೇಳಿದಳು. ಪರೀಕ್ಷೆಯ ದಿನ ಮಂಡಿಯಮ್ಮ ಪಾದದ ತನಕ ಇಳಿಬೀಳುವ ಹೊಸ ಬಟ್ಟೆ ಹಾಕಿಕೊಂಡು, ರಕ್ತ ಪರೀಕ್ಷೆಗೆ ಹೋಗಿಬರುತ್ತೇನೆ ಎಂದು ಹೊರಟಳು.

ಹರ್ನಿಯಾ ಮೇಷ್ಟ್ರು ಬೆಂಚಿನ ಮೇಲೆ ಸರಿದು ಜಾಗ ಕೊಟ್ಟರು. ಬೆಂಚಿನ ಹಿಂದೆಯೇ ವಾರ್ಡಿನ ಬಾಗಿಲು, ಬಾಗಿಲಿಗೆ ಬಟ್ಟೆಯ ಪರದೆ, ಪರದೆಯ ಆ ಕಡೆ ಕಿಟಕಿ ಪಕ್ಕದ ಮಂಚ. ಅವಳ ಮಂಚದ ಮೇಲೆ ಈಗ ಒಬ್ಬ ಬೇಕರಿಯವನು ಮಲಗಿದ್ದ. ನಿಂತು ನಿಂತು ಹಿಟ್ಟು ನಾದಿ ಮಂಡಿ ಕೆಡಿಸಿಕೊಂಡವನು, ಈ ಕೆಲಸಕ್ಕೆ ಹೊಸಬ. ಮಂಡಿಯಮ್ಮ ಮೈಯೆಲ್ಲ ಕಿವಿಯಾಗಿ ಕೂತಳು. ವಿದ್ಯಾರ್ಥಿ, “ಯಾವಾಗ ನೋವು ಜಾಸ್ತಿ?” ಎಂದು ಕೇಳಿದ್ದು ಕೇಳಿಸಿತು. ಬೇಕರಿಯವನಿಗೆ ಸಭಾಕಂಪ. ಅಷ್ಟು ಕೋಟುಗಳ ನಡುವೆ ಅವನ ನಾಲಿಗೆ ಒಣಗಿ ಅಂಟಿಕೊಂಡಿತ್ತು. ಮೌನ ಬೆಳೆಯಿತು.

ಮೇಷ್ಟ್ರು ಅವಳ ಮುಖ ನೋಡಿ, “ಬೇಡ,” ಎಂದರು.

“ಮೆಟ್ಟಿಲು ಇಳಿಯುವಾಗ,” ಎಂದಿತು ಪರದೆ.

“ಮೆಟ್ಟಿಲು ಇಳಿಯುವಾಗ,” ಎಂದ ಬೇಕರಿಯವನು, ಜೀವ ಬಂದವನಂತೆ.

ಪರದೆ ಸರ್ರನೆ ಸರಿಯಿತು. ಹೊರಗಿನ ಊರಿನಿಂದ ಬಂದಿದ್ದ ಪರೀಕ್ಷಕರು, ಟೈ ಕಟ್ಟಿದ ದಪ್ಪ ಮನುಷ್ಯ, ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದರು. “ಯಾರಮ್ಮ ನೀವು?” ಎಂದರು.

ಮಂಡಿಯಮ್ಮ ಎದ್ದು ನಿಂತಳು. ಯಾರು ಎಂದು ಹೇಳುವುದು? ಜೀವಮಾನವೆಲ್ಲ ಬೇರೆಯವರ ಮಾತು ಎತ್ತಿಕೊಟ್ಟವಳಿಗೆ ತನ್ನದೊಂದು ಮಾತು ಸಿಗಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಆಗ ಪರೀಕ್ಷಕರ ಬೆನ್ನ ಹಿಂದೆ, ಚಾವಣಿ ನೋಡುತ್ತ ನಿಂತಿದ್ದ ಡಾಕ್ಟರಮ್ಮ, ತುಟಿ ಅಷ್ಟೇನೂ ಅಲ್ಲಾಡಿಸದೆ, “ಮಂಡಿಯಮ್ಮ” ಎಂದರು.

“ಮಂಡಿಯಮ್ಮ,” ಎಂದಳು ಮಂಡಿಯಮ್ಮ.

“ಸಂಬಂಧ ಇಲ್ಲದವರು ಇಲ್ಲಿರಬಾರದು,” ಎಂದರು ಪರೀಕ್ಷಕರು.

“ಸಂಬಂಧ ಇದೆ ಸರ್. ಆದ್ರೂ ಕಳಿಸ್ತೀನಿ,” ಎಂದು ಡಾಕ್ಟರಮ್ಮ ಹೊರಗೆ ಬಂದರು.

ಕಾರಿಡಾರಿನ ಎರಡೂ ಗೋಡೆಗಳ ಉದ್ದಕ್ಕೆ ಸರದಿ ಕಾಯುವ ವಿದ್ಯಾರ್ಥಿಗಳು ಪುಸ್ತಕ ಹಿಡಿದು, ಕಣ್ಣು ಮುಚ್ಚಿ ಗುನುಗುತ್ತ ನಿಂತಿದ್ದರು. ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು. “ಪುಸ್ತಕ ಮುಚ್ಚಿ. ಮಂಡಿ ನೋಡೋಕೆ ಮೊದಲು ಏನು ನೋಡ್ಬೇಕು?”

“ನಡಿಗೆ,” ಎಂದರು ಒಂದಿಬ್ಬರು.

“ಇವರು ಆ ಬಾಗಿಲ ತನಕ ನಡೀತಾರೆ, ನೋಡಿ. ಇವರ ಒಂದು ಮಂಡಿ ನಾನೇ ಬದಲಾಯಿಸಿದೀನಿ. ಯಾವುದು ಅಂತ ಹೇಳಿ.”

ಮಂಡಿಯಮ್ಮ ನಡೆಯತೊಡಗಿದಳು. ವಾರ್ಡಿನಲ್ಲಿ ಮಂಚದ ಪಕ್ಕ ನಾಲ್ಕು ಹೆಜ್ಜೆ ಕುಂಟಿ ತೋರಿಸಿದ್ದವಳಿಗೆ ಹೀಗೆ ಉದ್ದಕ್ಕೆ ನೆಟ್ಟಗೆ ನಡೆದು ತೋರಿಸುವುದು ಹೊಸದು. ಮೊದಲೆರಡು ಹೆಜ್ಜೆ ಅಳೆದು ಇಟ್ಟಳು, ಆಮೇಲೆ ನಡಿಗೆ ಹದಕ್ಕೆ ಬಂತು. ಎರಡೂ ಕಡೆಯ ಮಕ್ಕಳು ಬಗ್ಗಿ ಬಗ್ಗಿ ನೋಡಿದರು. ಒಬ್ಬಳು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತೇ ನೋಡಿದಳು. ಒಬ್ಬ “ಬಲ” ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡ. ಬೆಂಚಿನ ಮೇಲಿಂದ ಮೇಷ್ಟ್ರು ಕತ್ತು ಉದ್ದ ಮಾಡಿದ್ದರು. ಅವರಿಗೆ ಗೊತ್ತಿತ್ತು, ಆದರೆ ಅವರೂ ಹೇಳಲಿಲ್ಲ.

“ಯಾರಾದ್ರೂ?” ಎಂದರು ಡಾಕ್ಟರಮ್ಮ.

ಯಾರೂ ಇಲ್ಲ. ಉದ್ದನೆಯ ಕಾರಿಡಾರು, ಸಾಲುಸಾಲು ಬಿಳಿ ಕೋಟು, ಒಬ್ಬರ ಬಾಯಲ್ಲೂ ಮಾತಿಲ್ಲ. ಅಷ್ಟು ದೊಡ್ಡ ಮೌನವನ್ನು ಅವಳು ನಾಟಕ ಮಂದಿರದಲ್ಲೂ ಕೇಳಿರಲಿಲ್ಲ. ಎಡಗಾಲು ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಮಂಡಿಯಮ್ಮ ಅದನ್ನು ಹಾಗೆಯೇ ನುಂಗಿಕೊಂಡು, ಸಾವಕಾಶವಾಗಿ, ಬಾಗಿಲಿನವರೆಗೂ ನಡೆದಳು.